6.4 ಅಂದರೆ ಎಷ್ಟು?

ಒಂಬತ್ತನೇ ಕ್ಲಾಸಿನ ಬೇಸಿಗೆ ರಜೆಯಲ್ಲಿ ನಾನು ನಮ್ಮ ಓಣಿಯ ಕ್ರಿಕೆಟ್ ತಂಡವನ್ನು ಟೂರ್ನಮೆಂಟಿನಿಂದ ಹೊರಗೆ ಹಾಕಿದೆ. ಸೊನ್ನೆಗೆ ಔಟಾಗಲಿಲ್ಲ, ಕ್ಯಾಚ್ ಬಿಡಲಿಲ್ಲ. ಒಂದು ಭಾಗಾಕಾರ ಮಾಡಿದೆ, ಅಷ್ಟೇ.

ಆಗ ನಮ್ಮೂರಿನ ಹೆಸರು ಇನ್ನೂ ಗುಲ್ಬರ್ಗಾ. ಮೇ ತಿಂಗಳಲ್ಲಿ ಹತ್ತು ಗಂಟೆ ದಾಟಿತೆಂದರೆ ಮೈದಾನದಲ್ಲಿ ನಾಯಿಯೂ ನಿಲ್ಲುವುದಿಲ್ಲ. ಹಾಗಾಗಿ ಬೆಳಗ್ಗೆ ಆರಕ್ಕೇ ಮ್ಯಾಚ್ ಶುರು. ಟೆನಿಸ್ ಬಾಲು, ಎಂಟೆಂಟು ಓವರು. ನನಗೆ ಬ್ಯಾಟು ಹಿಡಿಯಲು ಬರುತ್ತಿರಲಿಲ್ಲ, ಅಕ್ಷರ ಮಾತ್ರ ದುಂಡಗಿತ್ತು. ಅದಕ್ಕೇ ಸ್ಕೋರು ಬರೆಯುವ ಕೆಲಸ ಕೊಟ್ಟಿದ್ದರು. ಅಂಪೈರ್ ಅಣ್ಣನ ಬಲ ಜೇಬಿನಲ್ಲಿ ಆರು ಹುಣಸೆ ಬೀಜ. ಒಂದೊಂದು ಎಸೆತಕ್ಕೂ ಒಂದು ಬೀಜ ಎಡ ಜೇಬಿಗೆ ಹೋಗುತ್ತಿತ್ತು. ಬಲ ಜೇಬು ಖಾಲಿಯಾದರೆ ಓವರ್ ಮುಗಿಯಿತು.

ಲೀಗ್ ಹಂತದ ಕೊನೆಗೆ ಎರಡು ತಂಡಗಳ ಪಾಯಿಂಟು ಸಮ ಆಯಿತು. ರನ್ ರೇಟ್ ನೋಡಿ ಅಂದರು. ದೊಡ್ಡ ದೊಡ್ಡ ಸೂತ್ರವೇನೂ ಇಲ್ಲ, ಕೊನೆಯ ಮ್ಯಾಚಿನಲ್ಲಿ ಹೊಡೆದ ರನ್ನನ್ನು ಓವರಿನಿಂದ ಭಾಗಿಸಿದರೆ ಆಯಿತು. ನಮ್ಮ ಓಣಿಯವರು 8 ಓವರಿನಲ್ಲಿ 75. ಎದುರಿನವರು ಇನ್ನೊಂದು ತಂಡದ ಮೇಲೆ 6.4 ಓವರಿನಲ್ಲಿ 61 ಹೊಡೆದು ಗೆದ್ದಿದ್ದರು. ನಾನು ಕ್ಯಾಲ್ಕುಲೇಟರ್ ಒತ್ತಿದೆ. ನಮ್ಮದು 9.375 ಬಂತು. ಅವರದು 61 ಭಾಗಿಸು 6.4, ಅಂದರೆ 9.53. ಎಲ್ಲರ ಮುಂದೆ ಓದಿ ಹೇಳಿದೆ. ನಮ್ಮವರು ಸುಮ್ನೆ ಸ್ಟಂಪು ಕಿತ್ತುಕೊಂಡು ಮನೆಗೆ ನಡೆದರು.

ರಾತ್ರಿ ಮಾಳಿಗೆಯ ಮೇಲೆ ಹಾಸಿಗೆ ಹಾಸಿದ್ದೆವು. ಮುತ್ಯಾ ಸ್ಕೋರ್ ಪುಸ್ತಕ ಕೇಳಿದ. (ನಮ್ಮ ಕಡೆ ಅಜ್ಜನಿಗೆ ಮುತ್ಯಾ ಅಂತೀವಿ. ಅವನ ಜೊತೆ ಏಕವಚನವೇ ನಡೆಯುತ್ತದೆ.) ಅವನಿಗೆ ಕ್ರಿಕೆಟ್ ಬೇಕಿರಲಿಲ್ಲ, ಲೆಕ್ಕ ಬೇಕಿತ್ತು. ಗಂಜಿನ, ಅಂದರೆ ಧಾನ್ಯದ ಪೇಟೆಯ, ಒಂದು ಅಡತಿ ಅಂಗಡಿಯಲ್ಲಿ ತೊಗರಿಯ ಲೆಕ್ಕ ಬರೆದು ಬರೆದು ಮುದುಕನಾದವನು. ಯಾವ ಲೆಕ್ಕ ಕಂಡರೂ ಒಮ್ಮೆ ಕೂಡಿಸಿ ನೋಡದೆ ಬಿಡುತ್ತಿರಲಿಲ್ಲ. ಲಾಟೀನಿನ ಬೆಳಕಿಗೆ ಪುಸ್ತಕ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದ.

"ಲೇ ತಮ್ಮಾ, ಈ ಆರು ಪಾಯಿಂಟ್ ನಾಲ್ಕು ಅಂದ್ರ ಏನು?"

"ಆರು ಓವರ್ ನಾಲ್ಕು ಬಾಲ್, ಮುತ್ಯಾ."

"ಮತ್ತ ಹತ್ತು ಬಾಲ್ ಆದ್ರ ಒಂದು ಓವರ್ ಆಗ್ತದೇನು?"

ನನಗೆ ಮೈ ಬೆವರಿತು. ಆರು ಓವರ್ ನಾಲ್ಕು ಎಸೆತ ಅಂದರೆ 40 ಎಸೆತ. ಆರೂ ಮೂರನೇ ಎರಡು ಓವರು. ಅದರಿಂದ ಭಾಗಿಸಿದರೆ ಅವರ ರೇಟು 9.15. ನಮ್ಮದು 9.375. ಸೆಮಿಫೈನಲ್ ಆಡಬೇಕಾದವರು ನಾವು.

"ಆರು ರೂಪಾಯಿ ನಾಲ್ಕಾಣಿ ಅಂದ್ರ ಆರು ರೂಪಾಯಿ ನಲವತ್ತು ಪೈಸಾ ಅಂತ ಬರೀತಿದ್ದೇನು ನೀ?" ಅಂದ ಮುತ್ಯಾ, ನಗುತ್ತಾ. ರೂಪಾಯಿಗೆ ಹದಿನಾರಾಣೆ ಇದ್ದ ಕಾಲದವನು. ನಾಲ್ಕಾಣೆ ಅಂದರೆ ಕಾಲು ರೂಪಾಯಿ, 25 ಪೈಸೆ. 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ನಯಾಪೈಸೆ ಬಂತು. ಆಮೇಲೆ ಎಷ್ಟೋ ದಿನ ಗಂಜಿನಲ್ಲಿ ಇದೇ ಗಲಿಬಿಲಿ ಇತ್ತಂತೆ. ಚುಕ್ಕೆಯ ಈ ಕಡೆ ಒಂದು ಲೆಕ್ಕ, ಆ ಕಡೆ ಇನ್ನೊಂದು.

ಆ ಚುಕ್ಕೆ ನನ್ನ ತಲೆಯಿಂದ ಹೋಗಲೇ ಇಲ್ಲ. ಮುಂದೆ ಕಾಲೇಜಿನಲ್ಲಿ ಕಂಪ್ಯೂಟರಿಗೆ ಎರಡರ ಲೆಕ್ಕ, ದ್ವಿಮಾನ ಪದ್ಧತಿ ಅಂತ ಪಾಠ ಬಂತು. ಎಲ್ಲರೂ ಕಷ್ಟ ಅಂದರು. ನನಗೆ ಅಂಪೈರ್ ಅಣ್ಣನ ಜೇಬು ನೆನಪಾಯಿತು. ಎರಡರ ಲೆಕ್ಕ ಇರಬಹುದಾದರೆ ಆರರ ಲೆಕ್ಕವೂ ಇರಬೇಕಲ್ವಾ? ಅದನ್ನು ನಾವು ವಾರಕ್ಕೊಮ್ಮೆ ಟಿವಿಯಲ್ಲಿ ನೋಡುತ್ತಲೇ ಇದ್ದೀವಿ. 19.5 ಆದ ಮೇಲೆ 19.6 ಬರುವುದಿಲ್ಲ, 20 ಬರುತ್ತದೆ. ಈ ದೇಶದಲ್ಲಿ ಕೋಟ್ಯಂತರ ಜನ ಅದನ್ನು ಕಣ್ಣು ಮಿಟುಕಿಸದೆ ಓದುತ್ತಾರೆ.

ಆದರೂ ಅದು ಪೂರ್ತಿ ಆರರ ಲೆಕ್ಕವಲ್ಲ. ಚುಕ್ಕೆಯ ಬಲಕ್ಕೆ ಆರು, ಎಡಕ್ಕೆ ಹತ್ತು. ಮಿಶ್ರ ತಳಿ. ನಿಜವಾದ ಆರರ ಬರಹದಲ್ಲಿ 6 ಎಂಬ ಅಂಕಿಯೇ ಇರುವುದಿಲ್ಲ. 0, 1, 2, 3, 4, 5, ಮುಗಿಯಿತು. ಆರು ಬಂದರೆ 10. ಆರು ಎಸೆತ ಸೇರಿ ಒಂದು ಓವರ್ ಆದ ಹಾಗೆ, ಆರು ಓವರ್ ಸೇರಿ ಇನ್ನೊಂದು ದೊಡ್ಡ ಕಟ್ಟು ಆಗಬೇಕು. ಆ ಕಟ್ಟಿಗೆ ನಮ್ಮಲ್ಲಿ ಹೆಸರಿಲ್ಲ. 36 ಎಸೆತದ ಕಟ್ಟು ಒಂದು, ಓವರ್ ಸೊನ್ನೆ, ಬಿಡಿ ಎಸೆತ ನಾಲ್ಕು. ಹಾಗಾಗಿ 40 ಅನ್ನುವುದು 104. ಟಿ20ಯ 120 ಎಸೆತ 320. ಒಂದು ದಿನದ ಪಂದ್ಯದ 300 ಎಸೆತ 1220.

ನಮ್ಮಲ್ಲಿ ಹೆಸರಿಲ್ಲ ಅಂದೆ. ಹೆಸರು ಇರುವ ಕಡೆಯೂ ಇದೆ. ನ್ಯೂಗಿನಿಯ ಪಕ್ಕದ ದ್ವೀಪವೊಂದರ ಎನ್‌ಡೊಮ್ ಎಂಬ ಭಾಷೆಯಲ್ಲಿ ಎಣಿಕೆ ಆರರ ಮೇಲೇ ನಿಂತಿದೆ. ಆರಕ್ಕೆ 'ಮೆರ್', ಮೂವತ್ತಾರಕ್ಕೆ 'ನಿಫ್'. ನ್ಯೂಗಿನಿಯ ದಕ್ಷಿಣದ ಕೆಲವು ಜನ ಗೆಣಸನ್ನು ಆರಾರು ಎಣಿಸಿ ರಾಶಿ ಹಾಕುತ್ತಾರೆ. ಆರು, 36, 216, 1296 ಹೀಗೆ ಮೇಲಕ್ಕೆ ಹೋಗುವ ಒಂದೊಂದು ಮೆಟ್ಟಿಲಿಗೂ ಅವರಲ್ಲಿ ಶಬ್ದ ಇದೆ. ನಾವು ಸಾವಿರ, ಲಕ್ಷ, ಕೋಟಿ ಅಂತ ಹತ್ತಿದ ಹಾಗೆ.

ಕ್ರಿಕೆಟ್ಟಿನ ಆರು ಮಾತ್ರ ಮೊದಲಿಂದ ಬಂದದ್ದಲ್ಲ. ಇಂಗ್ಲೆಂಡಿನಲ್ಲಿ 1889ಕ್ಕೆ ಮೊದಲು ಓವರಿಗೆ ನಾಲ್ಕೇ ಎಸೆತ. ಆಮೇಲೆ ಐದು, 1900ರಲ್ಲಿ ಆರು. ಆಸ್ಟ್ರೇಲಿಯಾದವರು 1970ರ ದಶಕದ ಕೊನೆಯವರೆಗೂ ಎಂಟು ಹಾಕುತ್ತಿದ್ದರು. ಎಂಟರ ಲೆಕ್ಕದಲ್ಲೇ ಇದ್ದಿದ್ದರೆ ನಾನು ಹೇಳಲು ಹೊರಟ ಅರ್ಧ ಮಾತು ಬಿದ್ದುಹೋಗುತ್ತಿತ್ತು.

ಯಾಕೆಂದರೆ ಆರು ಎರಡರಿಂದಲೂ ಭಾಗವಾಗುತ್ತದೆ, ಮೂರರಿಂದಲೂ ಭಾಗವಾಗುತ್ತದೆ. ಅದರ ಮಜಾ ಎಲ್ಲಾ ಇರುವುದು ಇಲ್ಲೇ. ಒಂದು ಸಂಖ್ಯೆಯನ್ನು ಆರರಲ್ಲಿ ಬರೆಯಿರಿ. ಕೊನೆಯ ಅಂಕಿ 0, 2, 4 ಆದರೆ ಅದು ಸಮ. 0 ಅಥವಾ 3 ಆದರೆ ಮೂರರ ಮಗ್ಗಿಯದ್ದು. ಉಳಿದದ್ದು 1 ಮತ್ತು 5. ಹಾಗಾಗಿ 2, 3 ಎರಡನ್ನು ಬಿಟ್ಟರೆ ಯಾವ ಅವಿಭಾಜ್ಯ ಸಂಖ್ಯೆ ಆದರೂ ಆರರ ಬರಹದಲ್ಲಿ 1 ಅಥವಾ 5ರಿಂದಲೇ ಮುಗಿಯಬೇಕು. ನಮ್ಮ ಹತ್ತರ ಬರಹದಲ್ಲಿ 2, 5 ಬಿಟ್ಟರೆ ಉಳಿದವಕ್ಕೆ 1, 3, 7, 9 ಅಂತ ನಾಲ್ಕು ಬಾಗಿಲು. ಇಲ್ಲಿ ಎರಡೇ.

ಇದನ್ನು ಮೈದಾನಕ್ಕೆ ತಂದು ನೋಡಿ. ಟಿ20 ಇನಿಂಗ್ಸಿನ ಎಸೆತಗಳಿಗೆ 1ರಿಂದ 120ರವರೆಗೆ ನಂಬರು ಹಾಕಿ. ಅದರಲ್ಲಿ 30 ಅವಿಭಾಜ್ಯ ಸಂಖ್ಯೆಗಳಿವೆ. ಮೊದಲ ಓವರಿನ ಎರಡನೇ ಮತ್ತು ಮೂರನೇ ಎಸೆತ ಬಿಡಿ. ಉಳಿದ 28 ಯಾವುದೇ ಓವರಿನಲ್ಲಿ ಬರಲಿ, ಮೊದಲ ಎಸೆತ ಆಗಿರುತ್ತದೆ ಇಲ್ಲವೇ ಐದನೇ ಎಸೆತ. 11 ಮತ್ತು 13, 17 ಮತ್ತು 19, 29 ಮತ್ತು 31 ಇಂಥ ಜೋಡಿ ಅವಿಭಾಜ್ಯಗಳು ಬಂದರೆ ಒಂದು ಈ ಓವರಿನ ಐದನೇದು, ಇನ್ನೊಂದು ಮುಂದಿನ ಓವರಿನ ಮೊದಲನೇದು. ನಡುವೆ ಆರನೇ ಎಸೆತ ಒಂದೇ. (3 ಮತ್ತು 5ರ ಜೋಡಿ ಮಾತ್ರ ಈ ಮಾತು ಕೇಳುವುದಿಲ್ಲ.) ನಾನು ಇದನ್ನು ಮೊದಲು ಕಂಡುಕೊಂಡ ದಿನ ಮ್ಯಾಚಿನ ಸ್ಕೋರೇ ಮರೆತು ಕೂತಿದ್ದೆ.

ಆದರೆ ಬಾಗಿಲು ಸರಿ ಇದ್ದ ಮಾತ್ರಕ್ಕೆ ಒಳಗಿರುವವನು ಅವಿಭಾಜ್ಯ ಅಂತಲ್ಲ. ನಮ್ಮೂರಿನ ಪಿನ್ ಕೋಡ್ 585101. ಒಂದು ಕರೆಂಟ್ ಹೋದ ಮಧ್ಯಾಹ್ನ ಅದನ್ನು ಆರರಲ್ಲಿ ಬರೆದೆ. 20312445 ಬಂತು. ಕೊನೆಗೆ 5! ಆಸೆ ಹುಟ್ಟಿತು. ಮೂರು ಹಾಳೆ ಹರಿದ ಮೇಲೆ ಗೊತ್ತಾಯಿತು, 11, 43, 1237 ಮೂರನ್ನೂ ಗುಣಿಸಿದರೆ 585101. ಪಿನ್ ಕೋಡ್ ಒಂದು ವಿಳಾಸ, ಅದನ್ನು ಸಂಖ್ಯೆ ಮಾಡಿ ಒಡೆಯುವುದೇ ಹುಚ್ಚು. ಮನೆಯವಳೂ ಅದನ್ನೇ ಹೇಳಿದಳು.

ನಮ್ಮ ಭಾಗದ ಇನ್ನೊಂದು ಸಂಖ್ಯೆ 371, ನಮಗೆ ನೌಕರಿಯಲ್ಲಿ ಮೀಸಲಾತಿ ಕೊಡುವ ಸಂವಿಧಾನದ ವಿಧಿ. ಕಲಬುರಗಿ, ಬೀದರ್, ಯಾದಗಿರಿ ಕಡೆ ನೌಕರಿಗೆ ಅರ್ಜಿ ಹಾಕಿದವರು ಇದನ್ನು ಕೇಳದೆ ಇರಲು ಸಾಧ್ಯವಿಲ್ಲ. 371(ಜೆ) ಸರ್ಟಿಫಿಕೇಟ್ ಇದೆಯೇನ್ರಿ ಅನ್ನುವುದು ನಮ್ಮಲ್ಲಿ ಊಟ ಆಯ್ತೇನ್ರಿ ಅಂದಷ್ಟೇ ಸಲೀಸು. ಇದನ್ನು ಆರರಲ್ಲಿ ಬರೆಯೋಣ. 216 ಒಂದು ಸಲ ಹೋಗುತ್ತದೆ, ಉಳಿಯುವುದು 155. ಅದರಲ್ಲಿ 36 ನಾಲ್ಕು ಸಲ, ಉಳಿಯುವುದು 11. ಅದರಲ್ಲಿ ಆರು ಒಂದು ಸಲ, ಉಳಿಯುವುದು 5. ಅಂದರೆ 1415. ಈಗ ಬಲಗಡೆಯಿಂದ ಒಂದು ಅಂಕಿ ಕೂಡಿ, ಅದರ ಮುಂದಿನ ಅಂಕಿ ಕಳೆಯುತ್ತಾ ಹೋಗಿ. ಐದರಲ್ಲಿ ಒಂದು ಕಳೆದರೆ ನಾಲ್ಕು, ನಾಲ್ಕು ಕೂಡಿಸಿದರೆ ಎಂಟು, ಒಂದು ಕಳೆದರೆ ಏಳು. ಉತ್ತರ ಏಳರಿಂದ ಭಾಗವಾಯಿತು, ಹಾಗಾಗಿ 371 ಕೂಡ ಏಳರಿಂದ ಭಾಗವಾಗುತ್ತದೆ. ಏಳು ಐವತ್ಮೂರಲೆ 371, ನೋಡಿಕೊಳ್ಳಿ.

ಶಾಲೆಯಲ್ಲಿ ಏಳರಿಂದ ಭಾಗವಾಗುತ್ತದೋ ಇಲ್ಲವೋ ಅಂತ ಹೇಳುವ ಸುಲಭದ ದಾರಿ ಯಾರೂ ಕಲಿಸಲಿಲ್ಲ. ಹತ್ತರ ಬರಹದಲ್ಲಿ ಅದು ಸುಲಭವೂ ಅಲ್ಲ. ಆರರಲ್ಲಿ ಏಳು ಅಂದರೆ 11, ಅಂದರೆ ಹತ್ತರಲ್ಲಿ ಹನ್ನೊಂದು ಇರುವ ಜಾಗ. ಆರು ಏಳಕ್ಕಿಂತ ಒಂದು ಕಡಿಮೆ, 36 ಅನ್ನುವುದು 35ಕ್ಕಿಂತ ಒಂದು ಹೆಚ್ಚು, 216 ಅನ್ನುವುದು 217ಕ್ಕಿಂತ ಒಂದು ಕಡಿಮೆ. ಕಡಿಮೆ, ಹೆಚ್ಚು, ಕಡಿಮೆ, ಹೆಚ್ಚು. ಅದಕ್ಕೇ ಕೂಡಿ ಕಳೆಯುವ ಆಟ ನಡೆಯುತ್ತದೆ. ಐದಕ್ಕಾದರೆ ಇನ್ನೂ ಸಲೀಸು, ಅಂಕಿಗಳನ್ನು ಸುಮ್ನೆ ಕೂಡಿಸಿ. ಮೊತ್ತ ಐದರ ಮಗ್ಗಿಯಲ್ಲಿದ್ದರೆ ಸಂಖ್ಯೆಯೂ ಇದೆ. ನಮ್ಮಲ್ಲಿ ಒಂಬತ್ತಕ್ಕೆ ಮಾಡುವ ಹಾಗೆ.

ಇನ್ನೊಂದು ಚಿಕ್ಕದು. ಯಾವ ಸಂಖ್ಯೆಯ ಘನ ತೆಗೆದರೂ ಆರರ ಬರಹದಲ್ಲಿ ಕೊನೆಯ ಅಂಕಿ ಬದಲಾಗುವುದಿಲ್ಲ. ಎರಡರ ಘನ 12, ಮೂರರದ್ದು 43, ನಾಲ್ಕರದ್ದು 144, ಐದರದ್ದು 325.

ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಪರಿಪೂರ್ಣ ಸಂಖ್ಯೆಗಳ ವಿಷಯ. ತನ್ನನ್ನು ಬಿಟ್ಟು ತನ್ನ ಉಳಿದ ಭಾಜಕಗಳನ್ನೆಲ್ಲ ಕೂಡಿಸಿದರೆ ತಾನೇ ಬರುವ ಸಂಖ್ಯೆ. ಒಂದು, ಎರಡು, ಮೂರು ಕೂಡಿದರೆ ಆರು. ಮುಂದಿನದು 28, ಆಮೇಲೆ 496, ಆಮೇಲೆ 8128. ಇವು 6 ಅಥವಾ 8ರಿಂದ ಮುಗಿಯುತ್ತವೆ, ಯಾವಾಗ ಯಾವುದು ಅನ್ನುವುದಕ್ಕೆ ಲಯ ಕಾಣುವುದಿಲ್ಲ. ಆರರಲ್ಲಿ ಬರೆದು ನೋಡಿ. 28 ಅಂದರೆ 44. (ನಾಲ್ಕು ಓವರ್ ನಾಲ್ಕು ಎಸೆತ, ಅಷ್ಟೇ.) 496 ಅಂದರೆ 2144. 8128 ಅಂದರೆ 101344. ಆರನ್ನು ಬಿಟ್ಟರೆ ಎಲ್ಲಾ ಸಮ ಪರಿಪೂರ್ಣ ಸಂಖ್ಯೆಗಳೂ 44ರಿಂದಲೇ ಮುಗಿಯುತ್ತವೆ. ಬೆಸ ಪರಿಪೂರ್ಣ ಸಂಖ್ಯೆ ಇವತ್ತಿನವರೆಗೂ ಒಂದೂ ಸಿಕ್ಕಿಲ್ಲ.

ಪೂರ್ತಿ ಕಾರಣ ಬರೆದರೆ ನೀವು ಓಡಿಹೋಗುತ್ತೀರಿ. ಅರ್ಧ ಹೇಳುತ್ತೇನೆ. ಯೂಕ್ಲಿಡ್ ತೋರಿಸಿದ ದಾರಿಯಲ್ಲಿ ಈ ಸಂಖ್ಯೆಗಳು ಎರಡು ತುಂಡಿನ ಗುಣಲಬ್ಧ. ಸಮ ಪರಿಪೂರ್ಣ ಸಂಖ್ಯೆಗಳಿಗೆ ಬೇರೆ ದಾರಿಯೇ ಇಲ್ಲ ಅಂತ ಆಯ್ಲರ್ ಸಾಧಿಸಿದ. ಮೊದಲ ತುಂಡು ನಾಲ್ಕರ ಘಾತ. ನಾಲ್ಕು ನಾಲ್ಕಲೆ ಹದಿನಾರು, ಆರರಲ್ಲಿ 24. ನಾಲ್ಕನ್ನು ಎಷ್ಟು ಸಲ ನಾಲ್ಕರಿಂದ ಗುಣಿಸಿದರೂ ಕೊನೆಯ ಅಂಕಿ 4ರಲ್ಲೇ ಕೂರುತ್ತದೆ. ಎರಡನೇ ತುಂಡು ಅದರ ಎರಡರಷ್ಟರಲ್ಲಿ ಒಂದು ಕಡಿಮೆ. ಎರಡು ನಾಲ್ಕಲೆ ಎಂಟು, ಆರರಲ್ಲಿ 12, ಒಂದು ಕಳೆದರೆ ಕೊನೆಗೆ 1. ನಾಲ್ಕೊಂದ್ಲೆ ನಾಲ್ಕು. ಕೊನೆಯ 4 ಬಂತು. ಅದರ ಪಕ್ಕದ 4 ಬರಲು ಒಂಬತ್ತರಿಂದ ಭಾಗಿಸಿ ಶೇಷ ನೋಡಬೇಕು, ಅದು ನಿಮಗೆ ಬಿಟ್ಟದ್ದು. 2024ರ ಅಕ್ಟೋಬರಿನಲ್ಲಿ ನಾಲ್ಕು ಕೋಟಿಗೂ ಹೆಚ್ಚು ಅಂಕಿಗಳ ಒಂದು ಅವಿಭಾಜ್ಯ ಸಂಖ್ಯೆ ಸಿಕ್ಕಿತು. ಅದರಿಂದ ನಮಗೆ ಗೊತ್ತಿರುವ 52ನೇ ಪರಿಪೂರ್ಣ ಸಂಖ್ಯೆ ಹುಟ್ಟಿತು, ಎಂಟು ಕೋಟಿ ಅಂಕಿ ದಾಟಿದ್ದು. ಅದನ್ನು ಪೂರ್ತಿ ಓದಲು ಯಾರಿಗೂ ಪುರುಸೊತ್ತಿಲ್ಲ. ಆರರಲ್ಲಿ ಬರೆದರೆ ಕೊನೆಗೆ 44 ಇರುತ್ತದೆ ಅಂತ ಮಾತ್ರ ನಾನು ಇಲ್ಲಿ ಕಲಬುರಗಿಯಲ್ಲಿ ಚಹಾ ಕುಡಿಯುತ್ತಾ ಹೇಳಬಲ್ಲೆ.

ಇಲ್ಲಿ ಒಂದು ಅನುಮಾನ ಶುರುವಾಗುತ್ತದೆ. ಈ 44 ಸಂಖ್ಯೆಯ ಗುಣವೋ, ಬರಹದ ಗುಣವೋ? ಮೈಯದ್ದೋ, ಅಂಗಿಯದ್ದೋ?

ಇದರ ಜಾಡು ಹಿಡಿಯಲು ನಾನು ದೂರ ಹೋಗಬೇಕಾಗಲಿಲ್ಲ. ನಮ್ಮ ಸೇಡಂ ರಸ್ತೆಯಲ್ಲಿ ಮಳಖೇಡ ಇದೆ, ಕಾಗಿಣಾ ನದಿಯ ದಂಡೆಗೆ. ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗ ಇಲ್ಲಿಂದ ಆಳುತ್ತಿದ್ದ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯ ಎಂಬ ಜೈನ ಪಂಡಿತ ಗಣಿತಸಾರಸಂಗ್ರಹ ಬರೆದ. ಆರಂಭದಲ್ಲೇ ಅಮೋಘವರ್ಷನನ್ನು ಹೊಗಳುತ್ತಾನೆ. ಮಹಾವೀರಾಚಾರ್ಯನಿಗೆ ಹಾರದಂಥ ಸಂಖ್ಯೆಗಳೆಂದರೆ ಇಷ್ಟ, ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಅದರಲ್ಲಿ ಒಂದನ್ನು ಅಂಕಿ ಬಿಡಿಸಿ ಹೇಳದೆ, ಒಂದರಿಂದ ಆರರವರೆಗೆ ಏರಿ ಆಮೇಲೆ ಕ್ರಮವಾಗಿ ಇಳಿಯುವುದು ಅಂತ ಹೇಳುತ್ತಾನೆ. 12345654321. ಇದು 111111ರ ವರ್ಗ.

ಆತ ಏರಿ ನಿಂತದ್ದು ಆರಕ್ಕೆ! ಮಳಖೇಡದ ಕೋಟೆಯ ಮೇಲೆ ಬಿಸಿಲಿಗೆ ಟವೆಲ್ ಹೊದ್ದುಕೊಂಡು ಕೂತಾಗ ಇದು ಹೊಳೆದು ನಗು ಬಂತು. ಆರರ ಬರಹದಲ್ಲಿ ಈ ಹಾರ ಹೆಣೆಯಲು ಬರುವುದೇ ಇಲ್ಲ. 11ರ ವರ್ಗ 121, 111ರ ವರ್ಗ 12321, ಹೀಗೆ 11111ರ ವರ್ಗ 123454321ರವರೆಗೆ ಆರರಲ್ಲೂ ಚೆನ್ನಾಗಿ ಬರುತ್ತದೆ. ಆರು ಒಂದುಗಳನ್ನು ಇಟ್ಟ ಕೂಡಲೇ ನಡುವಿನ ಜಾಗಕ್ಕೆ ಆರು ಬೇಕು, ಆ ಅಂಕಿ ಇಲ್ಲ. ದಶಕ ಪಕ್ಕಕ್ಕೆ ಹೋಗುತ್ತದೆ, ಅಲ್ಲಿಂದ ಅದರ ಪಕ್ಕಕ್ಕೆ. ಕೊನೆಗೆ ಸಿಗುವುದು 12350054321. ದಾರ ಹರಿದ ಹಾರ. ಹತ್ತರಲ್ಲೂ ಇದೇ ಗತಿ, ಆದರೆ ಅಲ್ಲಿ ಒಂಬತ್ತು ಒಂದುಗಳವರೆಗೆ ದಾರ ತಡೆಯುತ್ತದೆ.

ಅಂದರೆ ಹಾರ ಅಂಗಿಯದ್ದು. ವರ್ಗ ಅನ್ನುವುದು ಮೈಯದ್ದು. ಆಚಾರ್ಯರ ಸಂಖ್ಯೆಯನ್ನು ಯಾವ ಲೆಕ್ಕದಲ್ಲಿ ಬರೆದರೂ ಅದು ವರ್ಗವೇ. 371 ಅನ್ನು ಹೇಗೆ ಬರೆದರೂ ಅದರಲ್ಲಿ ಏಳು ಇದೆ. ಆದರೆ 44 ನನ್ನನ್ನು ಇನ್ನೂ ಕಾಡುತ್ತದೆ. ಅದು ಎರಡರ ನಡುವಿನದ್ದು. 36ರಿಂದ ಭಾಗಿಸಿದರೆ 28 ಉಳಿಯುವುದು ಮೈಯ ಗುಣ, ಅದು ಮೊದಲಿಂದಲೂ ಇತ್ತು. ಹತ್ತರ ಅಂಗಿ ಅದನ್ನು ಮುಚ್ಚಿತ್ತು. ಆರರ ಅಂಗಿಯಲ್ಲಿ ಮಚ್ಚೆ ಕಂಡಿತು.

ಮುತ್ಯಾನಿಗೆ ಇದೆಲ್ಲ ಹೇಳಿದ್ದರೆ ಆತ ಹಾಲಿ ಸಿಕ್ಕಾದ ಕಡೆ ತಿರುಗುತ್ತಿದ್ದ. ನಮ್ಮದು ನಿಜಾಮರ ಸೀಮೆ. ಇಲ್ಲಿನ ರೂಪಾಯಿ ಹಾಲಿ ಸಿಕ್ಕಾ, ಬ್ರಿಟಿಷರದ್ದು ಕಲದಾರ್. ಪಕ್ಕದ ಸೊಲ್ಲಾಪುರ ಮುಂಬಯಿ ಪ್ರಾಂತಕ್ಕೆ ಸೇರಿದ್ದು. ಅಲ್ಲಿಗೆ ತೊಗರಿ ಕಳಿಸಿದರೆ ಕಲದಾರ್ ಬರುತ್ತಿತ್ತು. ಆರು ಕಲದಾರಿಗೆ ಏಳು ಹಾಲಿ. ನೂರು ಕಲದಾರಿಗೆ 116 ರೂಪಾಯಿ 10 ಆಣೆ 8 ಪೈ. ಈ ಲೆಕ್ಕ ಮುತ್ಯಾನ ನಾಲಿಗೆಯ ತುದಿಗೇ ಇತ್ತು. ಚಿಕ್ಕವನಿದ್ದಾಗ ಇದೇನು ಕೊಳಕು ಲೆಕ್ಕ ಅನ್ನಿಸಿತ್ತು. ಈಗ ನೋಡಿದರೆ ಒಂದು ಕಾಳೂ ಚೆಲ್ಲಿಲ್ಲ. ನಮ್ಮ ಈಗಿನ ಪೈಸೆಯಲ್ಲಿ ಅದು 116 ರೂಪಾಯಿ 66 ಪೈಸೆ, ಮೇಲೆ ಮುಗಿಯದ ಬಾಲ. ಆಣೆಗೆ ಹನ್ನೆರಡು ಪೈ ಇದ್ದದ್ದರಿಂದ ಮೂರನೇ ಒಂದು ಭಾಗ ಸರಿಯಾಗಿ ಕತ್ತರಿಸುತ್ತಿತ್ತು. ಆರರ ಬರಹದಲ್ಲೂ ಹಾಗೇ. ಅರ್ಧ ಅಂದರೆ 0.3, ಮೂರನೇ ಒಂದು ಅಂದರೆ 0.2. ಒಂದು ಕಲದಾರಿಗೆ ಎಷ್ಟು ಹಾಲಿ ಅಂತ ಕೇಳಿದರೆ ಉತ್ತರ ಬರೀ 1.1. ಐದನೇ ಒಂದು ಭಾಗಕ್ಕೆ ಮಾತ್ರ ಆರು ಸೋಲುತ್ತದೆ. 0.1111 ಅಂತ ಬಾಲ ಬೆಳೆಯುತ್ತಲೇ ಹೋಗುತ್ತದೆ. ಎಲ್ಲರಿಗೂ ಸರಿಯಾಗಿ ಹಂಚುವ ಲೆಕ್ಕ ಯಾವುದೂ ಇಲ್ಲ.

ಓಣಿಯವರಿಗೆ ನಾನು ಎರಡು ದಿನ ಏನೂ ಹೇಳಲಿಲ್ಲ. ಮೂರನೇ ದಿನ ಬಾಯಿ ಬಿಟ್ಟೆ. ಕ್ಯಾಪ್ಟನ್ ಅಣ್ಣ ನನ್ನನ್ನೇ ನೋಡಿ, "ಫೈನಲ್ ಮುಗದು ಹೋಯ್ತಲ್ಲೋ" ಅಂದ. ಎದುರಿನವರು ಸೆಮಿಫೈನಲ್ಲಿನಲ್ಲೇ ಸೋತಿದ್ದರು, ಅದೊಂದು ಸಮಾಧಾನ. ಮುಂದಿನ ವರ್ಷ ಸ್ಕೋರು ಬರೆಯಲು ಬೇರೆ ಹುಡುಗ ಬಂದ.

ಆ ಪುಸ್ತಕ ಇನ್ನೂ ನನ್ನ ಹತ್ತಿರ ಇದೆ. 6.4 ಬರೆದ ಕಡೆ ಮುತ್ಯಾ ಪೆನ್ಸಿಲ್ಲಿನಿಂದ ಅಡ್ಡಗೆರೆ ಎಳೆದು ಪಕ್ಕದಲ್ಲಿ ೪೦ ಅಂತ ಬರೆದಿದ್ದಾನೆ. ಅದರ ಕೆಳಗೆ ಮೊನ್ನೆ ನಾನು 104 ಅಂತ ಸೇರಿಸಿದೆ. ಮಗಳು ನೋಡಿ, "ಅಪ್ಪಾ, ಇಬ್ಬರಲ್ಲಿ ಯಾರದು ತಪ್ಪು?" ಅಂತ ಕೇಳಿದಳು.